ಗಡಿಯಾರವೂ ಗುಟ್ಟು ಹೇಳುತ್ತದೆ

ಜಾಲತಾಣವೊಂದು ತೆರೆದುಕೊಳ್ಳಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಬ್ರೌಸರ್ ಅಳೆಯುತ್ತದೆ; ಆ ಲೆಕ್ಕವನ್ನು ತಾಣದ ಒಡೆಯನಿಗೆ ಒಪ್ಪಿಸುತ್ತದೆ. ಪುಟವನ್ನು ಚುರುಕುಗೊಳಿಸಲು ಈ ಲೆಕ್ಕ ಬೇಕೇ ಬೇಕು. ಕುಂಟುವ ಸಂಪರ್ಕದಲ್ಲಿ ರೈಲಿನ ಟಿಕೆಟಿಗಾಗಿ ಕಾದವರಾರೂ ಅದನ್ನು ಅಲ್ಲಗಳೆಯಲಾರರು. ಆದರೆ ಕಾಲದ ಅಳತೆಯು ವೇಗವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ.

ಒಮ್ಮೆ ತೋರಿಸಿದ ಚಿತ್ರವನ್ನು ಬ್ರೌಸರ್ ತನ್ನಲ್ಲೇ ಇರಿಸಿಕೊಳ್ಳುತ್ತದೆ; ಎರಡನೆಯ ಸಲ ಅದು ಕ್ಷಣಾರ್ಧದಲ್ಲಿ ಮೂಡುತ್ತದೆ. ಆಸ್ಪತ್ರೆಯೊಂದರ ಲಾಂಛನವನ್ನು ಬೇರೊಂದು ತಾಣವು ಸದ್ದಿಲ್ಲದೆ ತರಿಸಿ, ಅದು ಬಂದ ವೇಗವನ್ನು ಅಳೆದರೆ ಸಾಕು, ಓದುಗನು ಆ ಆಸ್ಪತ್ರೆಯ ತಾಣಕ್ಕೆ ಹೋಗಿದ್ದನೇ ಎಂಬುದನ್ನು ಊಹಿಸಬಹುದಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಮೈಕೇಲ್ ಶ್ನೈಡರ್ ಇದನ್ನು 2000ದಲ್ಲಿಯೇ ತೋರಿಸಿಕೊಟ್ಟರು. ಈ ಸಂಗ್ರಹವನ್ನು ತಾಣವಾರು ಬೇರ್ಪಡಿಸಲು ಕ್ರೋಮ್ 2020ರವರೆಗೆ, ಫೈರ್‌ಫಾಕ್ಸ್ 2021ರವರೆಗೆ ಕಾಯಿತು. ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ 2018ರ ಜನವರಿಯಲ್ಲಿ ಬಯಲಾದಾಗಲಾದರೋ, ಫೈರ್‌ಫಾಕ್ಸ್ ಕೆಲವೇ ದಿನಗಳಲ್ಲಿ ತನ್ನ ಗಡಿಯಾರವನ್ನು 20 ಮೈಕ್ರೋಸೆಕೆಂಡಿನಷ್ಟು ಮಂದಗೊಳಿಸಿತು. ಯಂತ್ರದ ಭದ್ರತೆಗೆ ದಿನಗಳು. ಓದುಗನ ಗುಟ್ಟಿಗೆ ಎರಡು ದಶಕಗಳು!

ಇಂದಿನ ನಿಯಮದಲ್ಲೂ ಒಂದು ವಿಚಿತ್ರವಿದೆ. ಪರರ ತಾಣದಿಂದ ಬಂದ ಕಡತದ ಸೂಕ್ಷ್ಮ ಕಾಲವಿವರ ದೊರೆಯಬೇಕಾದರೆ ಆ ತಾಣದ ಅನುಮತಿ ಬೇಕು. ಯಾರ ಓಡಾಟದ ಲೆಕ್ಕವೋ ಆ ಓದುಗನನ್ನು ಕೇಳುವವರಿಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರ ದತ್ತಾಂಶ ರಕ್ಷಣಾ ಕಾಯಿದೆಯು ಬಹುಮಟ್ಟಿಗೆ ಒಪ್ಪಿಗೆಯನ್ನೇ ನೆಚ್ಚಿದೆ. ಮೈಕ್ರೋಸೆಕೆಂಡುಗಳಿಗೆ ಒಪ್ಪಿಗೆ ಕೊಡುವುದಾದರೂ ಹೇಗೆ? ಓದದೆ ಒತ್ತುವ ಇನ್ನೊಂದು ಗುಂಡಿ ಇದಕ್ಕೆ ಮದ್ದಲ್ಲ. ಟಾರ್ ಬ್ರೌಸರ್ ಒಂದು ಕಾಲಕ್ಕೆ ತನ್ನ ಗಡಿಯಾರವನ್ನು 100 ಮಿಲಿಸೆಕೆಂಡಿನಷ್ಟು ಒರಟಾಗಿಸಿಯೂ ನಡೆದಿತ್ತು. ಎಲ್ಲರಿಗೂ ಅಷ್ಟು ಒರಟು ಬೇಡವಿರಬಹುದು, ಆಟಗಳೂ ವಿಡಿಯೋಗಳೂ ತೊಡರುತ್ತವೆ. ಆದರೆ ಮೊದಲಿಗೇ ಮಂದವಾಗಿರುವ ಗಡಿಯಾರ, ಅಗತ್ಯ ತೋರಿಸಿದವರಿಗಷ್ಟೇ ಸೂಕ್ಷ್ಮ ಅಳತೆ, ಇದೇ ನ್ಯಾಯವಾದ ಕ್ರಮ.

ಪರ ಊರಿನ ಸಮಾಜಗಳೂ ತಮ್ಮ ಅಂಗಳವನ್ನು ನೋಡಿಕೊಳ್ಳಬೇಕು. ವಧೂವರರ ಪಟ್ಟಿ, ವಿದ್ಯಾರ್ಥಿವೇತನ, ಚಿಕಿತ್ಸೆಯ ನೆರವು ಇಂತಹ ಪುಟಗಳಿಗೆ ಯಾರು ಬಂದರೆಂಬುದೇ ಮನೆಯೊಳಗಿನ ಮಾತು. ಅಲ್ಲಿ ಹೊರಗಿನ ಅಳತೆಗಾರನ ಸ್ಕ್ರಿಪ್ಟ್ ಅಂಟಿಸುವ ಮುನ್ನ ಆಡಳಿತ ಮಂಡಳಿಯು ತಾಣ ಕಟ್ಟಿಕೊಟ್ಟವನನ್ನು ಕೇಳಲಿ: ಈ ಲೆಕ್ಕ ಯಾರ ಕೈಸೇರುತ್ತದೆ, ಎಷ್ಟು ದಿನ ಉಳಿಯುತ್ತದೆ?