ಬೆಳ್ಳಗಿದ್ದರೆ ಸಾಕೆ ಬೆಳ್ಳಿ?

ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯಗಳನ್ನು ಕೊಳ್ಳುವವರ ನಡುವೆ ಎರಡು ಮಾತುಗಳು ಬೇರೂರಿವೆ. ಗ್ರೇಡ್ ಒಂದೇ ಆಗಿದ್ದರೆ ನಾಣ್ಯವೂ ಒಂದೇ, ಅಗ್ಗದ್ದನ್ನು ಕೊಳ್ಳಿ ಎನ್ನುವುದು ಮೊದಲನೆಯದು. ಗ್ರೇಡಿನಾಚೆ ಉಳಿಯುವುದು ಸೊಗಸು ಮಾತ್ರ, ಅದು ಅವರವರ ಕಣ್ಣಿಗೆ ಬಿಟ್ಟದ್ದು ಎನ್ನುವುದು ಎರಡನೆಯದು. ಹಣದ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಹರಾಜಿನ ಕ್ಯಾಟಲಾಗುಗಳನ್ನು ಓದುತ್ತ ಈ ಎರಡನ್ನೂ ಮತ್ತೆ ಮತ್ತೆ ಎದುರಾಗಿದ್ದೇನೆ. ಎರಡೂ ಸೋಮಾರಿಗಳ ಮಾತು ಎಂಬುದು ನನ್ನ ತಕರಾರು. ಈ ಸೋಮಾರಿತನಕ್ಕೆ ದಂಡ ತೆತ್ತದ್ದು ಇನ್ನೂರು ವರ್ಷ ಹಳೆಯ ನಾಣ್ಯಗಳು.

ಮೊದಲು ಅಂಕಿಯ ವಿಚಾರ. ಇಂದು ಬಳಕೆಯಲ್ಲಿರುವ 1ರಿಂದ 70ರ ಮಾಪಕವನ್ನು 1949ರಲ್ಲಿ ಮುಂದಿಟ್ಟವನು ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ. ಅವನು ಅದನ್ನು ರೂಪಿಸಿದ್ದು ಆರಂಭಕಾಲದ ತಾಮ್ರದ ಸೆಂಟ್‌ಗಳಿಗಾಗಿ. ಅದರ ತಳಹದಿ ಬೆಲೆ. ತೀರ ಸವೆದ ನಾಣ್ಯಕ್ಕೆ ಒಂದು ಡಾಲರ್ ಆದರೆ, 70ರ ನಾಣ್ಯಕ್ಕೆ ಎಪ್ಪತ್ತು ಡಾಲರ್ ಎಂಬ ಲೆಕ್ಕ. ಮಾರುಕಟ್ಟೆ ಆ ಲೆಕ್ಕವನ್ನು ಮೀರಿ ಹೋಯಿತು, ಅಂಕಿ ಮಾತ್ರ ಉಳಿಯಿತು. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಕಂಪನಿಗಳು ನಾಣ್ಯವನ್ನು ಪರೀಕ್ಷಿಸಿ, ಗ್ರೇಡ್ ಬರೆದು, ಪ್ಲಾಸ್ಟಿಕ್ ಕವಚದೊಳಗೆ ಮುಚ್ಚಿಕೊಡಲು ತೊಡಗಿದವು. ಅಲ್ಲಿಂದ ಕೊಳ್ಳುವವನು ನಾಣ್ಯಕ್ಕಿಂತ ಮೊದಲು ಚೀಟಿ ಓದುವುದನ್ನು ಕಲಿತ.

ಚೀಟಿ ಹೇಳದೆ ಬಿಡುವುದೇನು ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. 1804ರಲ್ಲಿ ಅಮೆರಿಕದ ಟಂಕಸಾಲೆ ಬೆಳ್ಳಿ ಡಾಲರ್ ಅಚ್ಚು ಹಾಕುವುದನ್ನು ನಿಲ್ಲಿಸಿತು. ಮುಂದಿನ ಮೂರು ದಶಕ ಅರ್ಧ ಡಾಲರ್ ನಾಣ್ಯವೇ ಅಲ್ಲಿನ ದೊಡ್ಡ ಬೆಳ್ಳಿ ನಾಣ್ಯ. 1807ರಿಂದ 1836ರವರೆಗೆ ಬಂದ, ಜಾನ್ ರೈಕ್ ವಿನ್ಯಾಸದ ‘ಕ್ಯಾಪ್ಡ್ ಬಸ್ಟ್’ ಅರ್ಧ ಡಾಲರುಗಳು ಬ್ಯಾಂಕುಗಳ ಚೀಲಗಳಲ್ಲಿ ಮೀಸಲು ಹಣವಾಗಿ ಬಿದ್ದಿದ್ದವು. ಅದರಿಂದಾಗಿಯೇ ಅವುಗಳಲ್ಲಿ ಹೆಚ್ಚು ಸವೆಯದವು ಇಂದಿಗೂ ಸಾಕಷ್ಟು ಸಿಗುತ್ತವೆ. ಇಂಥ ಎರಡು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡಕ್ಕೂ ಎಯು 55, ಅಂದರೆ ಸ್ವಲ್ಪವೇ ಕೈ ಬದಲಿಸಿದವು ಎಂಬ ಗ್ರೇಡ್.

ಒಂದು ಅಚ್ಚ ಬಿಳುಪು. ಓರೆಮಾಡಿ ತಿರುಗಿಸಿದರೆ ಬೆಳಕು ಎಲ್ಲ ಕಡೆ ಒಂದೇ ತರ ಸಪ್ಪೆಯಾಗಿ ಬೀಳುತ್ತದೆ. ಇನ್ನೊಂದು ಬೂದು ಬಣ್ಣದ್ದು, ಅಂಚಿನ ಸುತ್ತ ಹೊಂಬಣ್ಣ ಮತ್ತು ನೀಲಿ. ತಿರುಗಿಸಿದಾಗ ನಕ್ಷತ್ರಗಳ ನಡುವೆ, ಅಕ್ಷರಗಳ ಮರೆಯಲ್ಲಿ ಬೆಳಕು ಗಾಲಿಯ ಅರೆಕಡ್ಡಿಗಳಂತೆ ಸುತ್ತುತ್ತದೆ. ಹಬ್ಬಕ್ಕೆ ಮುಂಚೆ ವಿಭೂತಿ ಹಾಕಿ ಬೆಳ್ಳಿ ದೀಪ ತಿಕ್ಕಿ ಬೆಳೆದ ನಮ್ಮ ಕಣ್ಣು ಮೊದಲನೆಯದನ್ನೇ ಆರಿಸುತ್ತದೆ. ಅಮೆರಿಕದ ಸಂಗ್ರಾಹಕರೂ ಬಹುಕಾಲ ಅದನ್ನೇ ಆರಿಸಿದರು.

ಆ ಬಿಳುಪು ಬಂದದ್ದು ಎಲ್ಲಿಂದ? ಗಾಳಿಯ, ಕಾಗದದ ಗಂಧಕ ತಾಗಿ ಬೆಳ್ಳಿಯ ಮೇಲೆ ಸಲ್ಫೈಡಿನ ತೆಳು ಪದರ ಕಟ್ಟುತ್ತದೆ. ಪದರ ದಪ್ಪವಾದಂತೆ ಹಳದಿ, ಕೆನ್ನೇರಳೆ, ನೀಲಿ ಬಣ್ಣಗಳು ಮೂಡುತ್ತವೆ. ಥಯೋಯೂರಿಯಾ ಬೆರೆತ ಆಮ್ಲದಲ್ಲಿ ನಾಣ್ಯವನ್ನು ಅದ್ದಿದರೆ ಆ ಪದರ ಕ್ಷಣದಲ್ಲಿ ಹೋಗುತ್ತದೆ, ಜೊತೆಗೆ ಮೇಲ್ಮೈಯ ಒಂದಿಷ್ಟು ಬೆಳ್ಳಿಯೂ. ಅಚ್ಚಿನ ಹೊಡೆತಕ್ಕೆ ಲೋಹ ಅಂಚಿನತ್ತ ಹರಿದಾಗ ಉಂಟಾದ ಸೂಕ್ಷ್ಮ ಗೀರುಗಳಿಂದಲೇ ಆ ಸುತ್ತುವ ಕಾಂತಿ. ಮತ್ತೆ ಮತ್ತೆ ಅದ್ದಿದರೆ ಆ ಗೀರುಗಳು ಕರಗುತ್ತವೆ. ಮರಳಿ ತರುವ ವಿದ್ಯೆ ಯಾರಿಗೂ ಗೊತ್ತಿಲ್ಲ. ವಿಪರೀತ ಕೆಟ್ಟದ್ದನ್ನು ಗ್ರೇಡಿಂಗ್ ಕಂಪನಿಗಳು ತಡೆಯುತ್ತವೆ ನಿಜ, ಆದರೆ ಹದವಾಗಿ ಅದ್ದಿದ್ದಕ್ಕೆ ಗ್ರೇಡ್ ಸಿಕ್ಕೇ ಸಿಗುತ್ತದೆ.

‘ಅವರವರ ಕಣ್ಣಿಗೆ ಬಿಟ್ಟದ್ದು’ ಎಂಬ ಮಾತು ನಿರುಪದ್ರವಿ ಅಲ್ಲ ಎನ್ನುವುದು ಇದಕ್ಕಾಗಿ. ಕವಿತೆಯನ್ನು ತಪ್ಪಾಗಿ ಓದಿದರೆ ಕವಿತೆ ಅಲ್ಲೇ ಇರುತ್ತದೆ, ನಾಳೆ ಇನ್ನೊಬ್ಬರು ಸರಿಯಾಗಿ ಓದುತ್ತಾರೆ. ನಾಣ್ಯಕ್ಕೆ ಆ ಅದೃಷ್ಟವಿಲ್ಲ. ಕೊಳ್ಳುವವರು ಬಿಳುಪನ್ನು ಬಯಸಿದರು, ಮಾರುವವರು ಬಿಳಿಮಾಡಿ ಕೊಟ್ಟರು.

ಹಾಗಾದರೆ ಬಣ್ಣವಿದ್ದದ್ದೆಲ್ಲ ಅಸಲಿಯೇ? ಅದೂ ಮೋಸವೇ. ಬಣ್ಣಕ್ಕೆ ಬೆಲೆ ಬಂದದ್ದೇ ತಡ, ಶಾಖ ಕೊಟ್ಟು, ಗಂಧಕ ತಾಗಿಸಿ ಕಾಮನಬಿಲ್ಲು ಬರಿಸುವವರೂ ಹುಟ್ಟಿಕೊಂಡರು. ಬಿಳುಪಿನ ಭಕ್ತಿ ಬಿಟ್ಟು ಬಣ್ಣದ ಭಕ್ತಿ ಹಿಡಿದರೆ ಕಣ್ಣು ಕಲಿತಂತಾಗುವುದಿಲ್ಲ.

ಕಣ್ಣು ಕೇಳಬೇಕಾದ ಪ್ರಶ್ನೆ: ಈ ಗುರುತು ಟಂಕಸಾಲೆಯದೋ, ಚಲಾವಣೆಯದೋ, ಆಮೇಲೆ ಬಂದ ಕೈಗಳದೋ? ಅರ್ಧ ಡಾಲರಿನಲ್ಲಿ ಉಡುಪಿನ ಕೊಂಡಿ ಮಸುಕಾಗಿದ್ದರೆ ಅದು ಸವೆತವೇ ಆಗಬೇಕಿಲ್ಲ, ಅಚ್ಚಿನ ಹೊಡೆತ ಅಲ್ಲಿ ಸಾಲದೆ ಹೋಗಿರಬಹುದು. ಆರಂಭದ ಡಾಲರುಗಳ ಮೇಲಿನ ಸಮಾನಾಂತರ ಗೀರುಗಳು ಯಾರೋ ಪುಂಡರ ಕೆಲಸವಲ್ಲ. ತೂಕ ಹೆಚ್ಚಿದ ಬಿಲ್ಲೆಯನ್ನು ಅಚ್ಚು ಹಾಕುವ ಮೊದಲು ಟಂಕಸಾಲೆಯವರೇ ಅರದಿಂದ ಉಜ್ಜಿದ್ದು. 2013ರ ಜನವರಿಯಲ್ಲಿ 1,00,16,875 ಡಾಲರಿಗೆ ಹರಾಜಾದ 1794ರ ಡಾಲರಿನ ಮೇಲೂ ಅರದ ಗುರುತುಗಳಿವೆ. ತೂಕ ಸರಿದೂಗಿಸಲು ನಡುವೆ ಕೂರಿಸಿದ ಬೆಳ್ಳಿಯ ತುಣುಕೂ ಇದೆ. ಮೆದು ಬಟ್ಟೆಯಿಂದ ಒರೆಸಿದ ಕೂದಲೆಳೆಯಂಥ ಗೆರೆಗಳು ಇದಕ್ಕಿಂತ ಎಷ್ಟೋ ಸಣ್ಣವು, ಆದರೂ ಅವು ನಾಣ್ಯದ ಸೊಗಸನ್ನು ಹೆಚ್ಚು ಕೆಡಿಸುತ್ತವೆ. ಅವು ನಾಣ್ಯ ಆದ ಬಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅಂಕಿ ಸಾಲದು ಎಂಬುದು ವ್ಯಾಪಾರಿಗಳಿಗೂ ಗೊತ್ತು. ಪಿಸಿಜಿಎಸ್ ಗ್ರೇಡಿಗೆ ಪ್ಲಸ್ ಸೇರಿಸಿತು. ಎನ್‌ಜಿಸಿ ನೋಟ ಚೆನ್ನಾಗಿದ್ದರೆ ನಕ್ಷತ್ರ ಕೊಡುತ್ತದೆ. 2007ರಲ್ಲಿ ಬಂದ ಸಿಎಸಿ, ಗ್ರೇಡ್ ಪಡೆದ ನಾಣ್ಯವನ್ನೇ ಮತ್ತೆ ನೋಡಿ ಕವಚದ ಮೇಲೆ ಹಸಿರು ಸ್ಟಿಕರ್ ಅಂಟಿಸುತ್ತದೆ. ಚೀಟಿಯ ಕೊರತೆಗೆ ಇನ್ನೊಂದು ಚೀಟಿ. ಯಾಕೆ ಈ ನಾಣ್ಯ ಆ ನಾಣ್ಯಕ್ಕಿಂತ ಮೇಲು ಎಂದು ಎರಡು ವಾಕ್ಯ ಬರೆಯುವ ಹೊಣೆ ಯಾವ ನಕ್ಷತ್ರಕ್ಕೂ ಇಲ್ಲ.

ನನಗೆ ಬೇಕಾದದ್ದು ಆ ಎರಡು ವಾಕ್ಯ. ‘ಇಷ್ಟವಾಯಿತು’ ಎಂದು ನಿಲ್ಲಿಸುವ ಪುಸ್ತಕ ವಿಮರ್ಶೆಯನ್ನು ನಾವು ಒಪ್ಪುವುದಿಲ್ಲ, ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟು ಸುಮ್ಮನಾಗುವುದನ್ನೂ ಒಪ್ಪುವುದಿಲ್ಲ. ಪಠ್ಯ ತೋರಿಸಿ ಮಾತಾಡು ಎನ್ನುತ್ತೇವೆ. ನಾಣ್ಯದ ಸೊಗಸಿನ ಬಗ್ಗೆ ತೀರ್ಪು ಕೊಡುವವರೂ ಕಾಂತಿ ಎಲ್ಲಿ ಉಳಿದಿದೆ, ಬಣ್ಣ ಹೇಗೆ ಹಬ್ಬಿದೆ, ಯಾವ ಗೀರು ಯಾರದು ಎಂದು ಬೆರಳಿಟ್ಟು ತೋರಿಸಲಿ. ಆಗ ನಾವೂ ವಾದಿಸಬಹುದು, ಅಲ್ಲವೆನ್ನಬಹುದು. ಆ ವಾದ ನಡೆಯುವಷ್ಟು ಹೊತ್ತಾದರೂ ನಾಣ್ಯ ಆಮ್ಲದ ಬಟ್ಟಲಿನಿಂದ ದೂರವಿರುತ್ತದೆ.