ಆಡದ ಆಟಿಕೆಗೆ ಕಾಯಕದ ಹಣ

ಮೊಲದ ಕಿವಿ, ಚೂಪು ಹಲ್ಲು, ಮೈತುಂಬ ತುಪ್ಪಳವಿರುವ ಲಬೂಬು ಎಂಬ ಗೊಂಬೆ ಈಗ ನಮ್ಮ ಶರಣ ಕುಟುಂಬಗಳ ಮಕ್ಕಳ ಚೀಲಗಳಲ್ಲೂ ನೇತಾಡುತ್ತಿದೆ. ಹಿರಿಯರು ಅದನ್ನು ಕಂಡು ‘ಎಂಥ ಕಾಲ ಬಂತಪ್ಪಾ’ ಎಂದು ಸುಮ್ಮನಾಗುತ್ತಾರೆ. ಗೊಂಬೆ ಕುರೂಪವೋ ಮುದ್ದೋ, ಅದು ಅವರವರ ಕಣ್ಣಿಗೆ ಬಿಟ್ಟದ್ದು. ಕಾಯಕದಿಂದ ಬಂದ ಹಣವನ್ನು ಇದಕ್ಕೆ ಹಾಕಬಹುದೇ ಎಂಬುದನ್ನು ಮಾತ್ರ ನಾವು ಕೇಳಿಕೊಳ್ಳಲೇಬೇಕು.

ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಕಲಾವಿದ ಕಾಸಿಂಗ್ ಲುಂಗ್ ತಮ್ಮ ಚಿತ್ರಪುಸ್ತಕಗಳಿಗಾಗಿ 2015ರಲ್ಲಿ ಈ ಪಾತ್ರವನ್ನು ರೂಪಿಸಿದರು. 2019ರಿಂದ ಚೀನಾದ ಪಾಪ್ ಮಾರ್ಟ್ ಕಂಪನಿ ಅದನ್ನು ಆಟಿಕೆಯಾಗಿ ಮಾರುತ್ತಿದೆ. ಮಾರುವುದು ಮುಚ್ಚಿದ ಪೆಟ್ಟಿಗೆಯಲ್ಲಿ. ಒಳಗೆ ಯಾವ ಬಣ್ಣದ ಗೊಂಬೆ ಇದೆಯೆಂದು ಹಣ ಕೊಟ್ಟು ಬಿಚ್ಚುವವರೆಗೆ ತಿಳಿಯದು. 2025ರಲ್ಲಿ ಬಂದ ಒಂದು ಸರಣಿಯಲ್ಲಿ ಆರು ಸಾಮಾನ್ಯ ಗೊಂಬೆಗಳು, ಅವುಗಳ ಜೊತೆಗೆ ಒಂದು ‘ಗುಪ್ತ’ ಗೊಂಬೆ. ಆ ಗುಪ್ತ ಗೊಂಬೆ ಸಿಗುವ ಸಾಧ್ಯತೆ 72ರಲ್ಲಿ ಒಂದು. ಚೀನಾದಲ್ಲಿ ಪೆಟ್ಟಿಗೆಯ ಬೆಲೆ 99 ಯುವಾನ್. ಬಿಡಿಬಿಡಿಯಾಗಿ 72 ಪೆಟ್ಟಿಗೆ ಕೊಂಡರೆ 7,000 ಯುವಾನ್ ದಾಟುತ್ತದೆ, ನಮ್ಮ ಲೆಕ್ಕಕ್ಕೆ 80,000 ರೂಪಾಯಿಗೂ ಮಿಗಿಲು. ಇಷ್ಟಾದರೂ ಅದು ಸಿಕ್ಕೀತೆಂಬ ಖಾತರಿಯಿಲ್ಲ. ಇದನ್ನೇ ಊರಲ್ಲಿ ಚೀಟಿ ಬರೆದು ಆಡಿದರೆ ಮಟ್ಕಾ ಎನ್ನುತ್ತೇವೆ, ಪೊಲೀಸರು ಬರುತ್ತಾರೆ. ಚೀನಾ ಸರ್ಕಾರವೇ 2023ರಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ ಇಂಥ ಪೆಟ್ಟಿಗೆ ಮಾರಬಾರದೆಂದು ಸೂಚಿಸಿತು.

ಇದು ಖರ್ಚಲ್ಲ, ಹೂಡಿಕೆ ಎನ್ನುವವರೂ ಇದ್ದಾರೆ. 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ಆಳೆತ್ತರದ ಲಬೂಬು ಒಂದು 10.8 ಲಕ್ಷ ಯುವಾನ್‌ಗೆ ಹೋದದ್ದನ್ನು ಅವರು ತೋರಿಸುತ್ತಾರೆ. ಅದೇ ತಿಂಗಳು ಕಂಪನಿ ಹೆಚ್ಚು ಮಾಲು ಬಿಟ್ಟೊಡನೆ ಮರುಮಾರಾಟದ ಬೆಲೆ ಕುಸಿದದ್ದನ್ನು ಹೇಳುವುದಿಲ್ಲ. ಕೊರತೆಯನ್ನು ಸೃಷ್ಟಿಸುವ ಕೈಯೇ ಅದನ್ನು ನೀಗಿಸಲೂಬಲ್ಲದು. 1990ರ ದಶಕದ ಅಮೆರಿಕದಲ್ಲಿ ಬೀನಿ ಬೇಬೀಸ್ ಎಂಬ ಬಟ್ಟೆಗೊಂಬೆಗಳ ಹುಚ್ಚು ಹೀಗೇ ಏರಿತ್ತು. ಕಂಪನಿ ಒಂದೊಂದೇ ಗೊಂಬೆಯ ತಯಾರಿಕೆ ನಿಲ್ಲಿಸುತ್ತ ಹೋಯಿತು, ಜನ ಮಕ್ಕಳ ಓದಿಗಾಗುತ್ತದೆಂದು ಕೂಡಿಟ್ಟರು. 1999ರಲ್ಲಿ ಲಾಸ್ ವೇಗಸ್‌ನ ದಂಪತಿಯೊಂದು ವಿಚ್ಛೇದನದ ವೇಳೆ ನ್ಯಾಯಾಲಯದ ನೆಲದ ಮೇಲೆ ಕುಳಿತು ಆ ಗೊಂಬೆಗಳನ್ನು ಪಾಲು ಮಾಡಿಕೊಂಡಿತು. ಇಂದು ಅವುಗಳಲ್ಲಿ ಬಹುಪಾಲಿಗೆ ಕೆಲವೇ ಡಾಲರ್ ಬೆಲೆ.

ಬೆಲೆ ಬೀಳದೇ ಇದ್ದರೂ ನನ್ನ ತಕರಾರು ಉಳಿಯುತ್ತದೆ. ‘ನನ್ನ ದುಡಿಮೆ, ನನ್ನ ಹಣ, ಯಾರ ಮನೆ ಮುರಿದದ್ದಲ್ಲ’ ಎಂಬ ಮಾತು ಲಿಂಗವಂತರ ಬಾಯಲ್ಲಿ ಸಲೀಸಾಗಿ ಬರಬಾರದು. ಆಯ್ದಕ್ಕಿ ಮಾರಯ್ಯನವರು ತಂದದ್ದೂ ಕದ್ದ ಅಕ್ಕಿಯಲ್ಲ, ಬಿದ್ದದ್ದನ್ನು ಆಯ್ದದ್ದು. ಆದರೂ ಎಂದಿಗಿಂತ ಹೆಚ್ಚು ತಂದ ದಿನ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ದಾರಿ ಶುದ್ಧವಾಗಿದ್ದರೆ ಸಾಲದು, ಅಗತ್ಯವೂ ಇರಬೇಕೆಂಬ ಅಳತೆ ಅವರದು. ಪೆಟ್ಟಿಗೆಯ ಅಂಟು ಬಿಚ್ಚದೆ, ಮಗುವಿನ ಕೈಗೂ ಕೊಡದೆ, ದರ ಏರಲೆಂದು ಕಪಾಟಿನಲ್ಲಿ ಕಾಯಿಸುವ ಗೊಂಬೆ ಯಾವ ಅಗತ್ಯಕ್ಕೆ? ಅಲ್ಲಿ ಆಟವೂ ಇಲ್ಲ, ಕಾಯಕವೂ ಇಲ್ಲ, ದಾಸೋಹವಂತೂ ಇಲ್ಲವೇ ಇಲ್ಲ.

ಹಾಗೆಂದು ಇಷ್ಟಪಟ್ಟು ಒಂದು ಗೊಂಬೆ ಕೊಂಡ ಹುಡುಗಿಯನ್ನು ನಿಲ್ಲಿಸಿ ಉಪದೇಶ ಮಾಡುವವರ ಜೊತೆಗೆ ನಾನಿಲ್ಲ. ಶರಣರು ನಗುವನ್ನು ಬಹಿಷ್ಕರಿಸಿದವರಲ್ಲ. ಅಲ್ಲದೆ ಬುದ್ಧಿ ಹೇಳುವ ನಮ್ಮ ಕಪಾಟುಗಳನ್ನೂ ತೆರೆದು ನೋಡಬೇಕು. ಇಷ್ಟಲಿಂಗಕ್ಕೆ ಕರಡಿಗೆ ಬೇಕು, ಸರಿ. ಬೀಗರ ಮನೆಯದಕ್ಕಿಂತ ತೂಕದ ಬೆಳ್ಳಿಯದೇ ಬೇಕೆಂದು ಲಿಂಗ ಕೇಳಿತೇ? ಸಮಾರಂಭಗಳಲ್ಲಿ ಹೊದಿಸಿಕೊಂಡ ಶಾಲುಗಳು ಮಡಿಕೆ ಬಿಚ್ಚದೆ ನುಸಿಗುಳಿಗೆಯ ವಾಸನೆಯಲ್ಲಿ ಮಲಗಿವೆ. ಮಕ್ಕಳು ಕೂಡಿಡುವುದನ್ನು ಕಲಿತದ್ದು ಚೀನಾದವರಿಂದ ಮಾತ್ರವಲ್ಲ.

ಆಟಿಕೆಗೆ ಹಣ ಕೊಡಲೇಬೇಕು, ಧಾರಾಳವಾಗಿಯೇ ಕೊಡಬೇಕು, ದುಡಿದವರ ಕೈ ಅದರಲ್ಲಿ ಕಾಣುವಾಗ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ಗರಗರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬುಗುರಿಯೋ ಗಿಲಕಿಯೋ ಆಗಿ ಅದು ಮನೆಗೆ ಬಂದು, ಒಂದು ಮಗು ಕಚ್ಚಿ ಎಸೆದು ಮುಗಿಸಿದ ಮೇಲೆ ತಮ್ಮನಿಗೋ ತಂಗಿಗೋ ದಾಟುತ್ತದೆ. ಅದರ ಬೆಲೆ ನಾಳೆ ಎಷ್ಟಾದೀತೆಂದು ಯಾರೂ ಕೇಳುವುದಿಲ್ಲ. ಕೊಪ್ಪಳದ ಕಿನ್ನಾಳದಲ್ಲೂ ಚಿತ್ರಗಾರ ಮನೆತನಗಳು ಮರದ ಗೊಂಬೆಯ ಕಾಯಕವನ್ನು ಉಳಿಸಿಕೊಂಡು ಬಂದಿವೆ.

ಮಠಗಳಿಗೆ ಎರಡು ಬಿನ್ನಹ. ಬಸವ ಜಯಂತಿಯ ಸ್ಪರ್ಧೆಗಳಲ್ಲಿ ಗೆದ್ದ ಮಕ್ಕಳಿಗೆ ಪ್ಲಾಸ್ಟಿಕ್ ಫಲಕದ ಬದಲು ಈ ಊರುಗಳ ಆಟಿಕೆ ಕೊಡಿಸಿ. ಜಾತ್ರೆಯಲ್ಲಿ ಮಠದ ಜಾಗವನ್ನು ಅಂಗಡಿಗಳಿಗೆ ಹಂಚುವಾಗ, ಒಳಗೇನಿದೆ ಎಂದು ತೋರಿಸದೆ ಮಾರುವ ಪೆಟ್ಟಿಗೆಗಳಿಗೆ, ಅಸಲಿಯಿರಲಿ ನಕಲಿಯಿರಲಿ, ಅಲ್ಲಿ ಎಡೆಯಿಲ್ಲವೆಂದು ಸಮಿತಿಯವರು ಹರಾಜಿಗೆ ಮುಂಚೆಯೇ ತಿಳಿಸಿಬಿಡಲಿ.