ಬಟವಾಡೆಯ ದಿನವಿಲ್ಲದ ದುಡಿಮೆ

ಕಳೆದ ತಿಂಗಳು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು ಕೈಗಡ ಕೇಳಿದರು. ಮೂವತ್ತು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಯಾರ ಹಣವನ್ನೂ ಉಳಿಸಿಕೊಂಡವರಲ್ಲ. ಸಾಲ ಬೇಕಾದುದು ಅವರಿಗಲ್ಲ, ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿರುವ ಮಗಳಿಗೆ. “ತಿಂಗಳಿಗೆ ಮೂವತ್ತೇಳು ಸಾವಿರ ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ ಮಾರಾಯರೆ. ಐದು ತಿಂಗಳಾಯಿತು, ಒಂದು ಪೈಸೆ ಬಂದಿಲ್ಲ. ಮೆಸ್ಸಿನವರು ಬಾಕಿ ಕೇಳುತ್ತಿದ್ದಾರೆ” ಎಂದರು. ಅಲ್ಲಿದ್ದವರೊಬ್ಬರು, “ಅಷ್ಟು ಹಣ ಬರುವವರಿಗೂ ಸಾಲವೇ? ಹಿಡಿತವಿಲ್ಲದ ಖರ್ಚು!” ಎಂದು ನಕ್ಕರು. ಆ ನಗುವಿಗೆ ಉತ್ತರವಾಗಿ ಈ ನಾಲ್ಕು ಮಾತು.

ಮೊದಲು ಲೆಕ್ಕ ನೋಡೋಣ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಸಂಶೋಧನಾ ವೇತನ ಗಳಿಸಿದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಎಂದು ಗೊತ್ತಾಗಿದೆ. ಒಟ್ಟು ಅವಧಿ ಐದು ವರ್ಷ. ಈ ವೇತನ ದೊರೆಯದೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಮಾಡುವವರಿಗೆ 2012ರಲ್ಲಿ ಗೊತ್ತುಮಾಡಿದ್ದು ಕೇವಲ 8,000 ರೂಪಾಯಿ. ಅದನ್ನೂ ನಿಲ್ಲಿಸುವ ನಿರ್ಧಾರ ಹೊರಬಿದ್ದಾಗ, 2015ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳು ದೆಹಲಿಯ ಯು.ಜಿ.ಸಿ. ಕಚೇರಿಯ ಮುಂದೆ ಧರಣಿ ಕೂಡಬೇಕಾಯಿತು.

ಮೊತ್ತವೇನೋ ತಿಂಗಳ ಲೆಕ್ಕದ್ದು. ಆದರೆ ಅದು ಕೈಸೇರುವುದು ತಿಂಗಳ ಲೆಕ್ಕದಲ್ಲಲ್ಲ. ಮಾರ್ಗದರ್ಶಕರ ಒಪ್ಪಿಗೆ, ವಿಭಾಗದ ಸಹಿ, ಸಂಸ್ಥೆಯ ದೃಢೀಕರಣ, ಮೇಲಿನಿಂದ ಹಣದ ಬಿಡುಗಡೆ, ಹೀಗೆ ಸರಪಳಿಯ ಒಂದು ಕೊಂಡಿ ಕಳಚಿದರೂ ತಿಂಗಳುಗಳು ಉರುಳುತ್ತವೆ. ಎರಡು ವರ್ಷ ಮುಗಿದು ಮೇಲಿನ ದರ್ಜೆಗೆ ಏರುವಾಗ ಸಮಿತಿ ಸಭೆ ಸೇರಬೇಕು. ಸಭೆ ತಡವಾದರೆ ಹಣವೂ ತಡ. ಪುಸ್ತಕ, ಪ್ರಯಾಣಗಳ ಖರ್ಚನ್ನು ಎಷ್ಟೋ ಕಡೆ ಮೊದಲು ತಾವೇ ತೆತ್ತು, ಬಳಿಕ ರಸೀದಿ ತೋರಿಸಿ ಪಡೆಯತಕ್ಕದ್ದು. ಭವಿಷ್ಯನಿಧಿ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ಪಗಾರದ ಚೀಟಿಯಿಲ್ಲದವರಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದೂ ಕಷ್ಟ.

ಈಗ ನಮ್ಮ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. 1936ರ ವೇತನ ಪಾವತಿ ಕಾಯಿದೆ, ಸಾವಿರಕ್ಕಿಂತ ಕಡಮೆ ಕೆಲಸಗಾರರಿರುವ ಕಡೆ ಮುಂದಿನ ತಿಂಗಳ 7ನೆಯ ದಿನದೊಳಗೆ, ಉಳಿದ ಕಡೆ 10ನೆಯ ದಿನದೊಳಗೆ ಪಗಾರ ಕೊಡತಕ್ಕದ್ದೆಂದು ವಿಧಿಸಿತು. ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯೂ ತಿಂಗಳ ಪಗಾರಕ್ಕೆ ಏಳು ದಿನದ ಗಡುವನ್ನೇ ಇಟ್ಟಿದೆ. ಬಟವಾಡೆಗೆ ಒಂದು ದಿನ ಗೊತ್ತಿರಬೇಕೆಂಬುದು ಚಿಲ್ಲರೆ ವಿಷಯವಲ್ಲ. ಬಾಡಿಗೆ, ರೇಷನ್, ಶಾಲೆಯ ಫೀ ಎಲ್ಲಕ್ಕೂ ದಿನ ಗೊತ್ತಿರುವಾಗ ದುಡಿಮೆಯ ಹಣಕ್ಕೆ ಮಾತ್ರ ದಿನವಿಲ್ಲದಿದ್ದರೆ ಆ ಸಂಸಾರ ಸಾಲಕ್ಕೆ ಬೀಳಲೇಬೇಕು. 1982ರ ಜನವರಿ 18ರಂದು ಮೊದಲಾದ ಗಿರಣಿ ಮುಷ್ಕರವನ್ನು ಕಂಡ ಮುಂಬಯಿಯ ಹಿರಿಯರಿಗೆ, ಪಗಾರ ನಿಂತ ಮನೆ ಹೇಗಿರುತ್ತದೆಂಬುದನ್ನು ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಸಂಶೋಧಕರು ಕೈಕಟ್ಟಿ ಕೂಡಬೇಕೆಂದಲ್ಲ. ಅವರ ಆದಾಯ ಪಗಾರದಂತೆ ಬರುವುದಿಲ್ಲ, ಸುಗ್ಗಿಯಂತೆ ಬರುತ್ತದೆ. ಸುಗ್ಗಿಯ ವಿವೇಕ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕಾಳು ಬಂದ ದಿನ ರೈತನು ಬೀಜಕ್ಕೆ ಬೇರೆ ತೆಗೆದು, ಸಾಲ ತೀರಿಸಿ, ಉಳಿದುದನ್ನು ಕಣಜಕ್ಕೆ ಹಾಕಿ ವರ್ಷವಿಡೀ ಅಳೆದು ತೆಗೆಯುತ್ತಾನೆ. ನಾಲ್ಕು ತಿಂಗಳ ಬಾಕಿ 1,48,000 ರೂಪಾಯಿ ಒಮ್ಮೆಗೇ ಬಂದರೆ ಅದು ಐಶ್ವರ್ಯವಲ್ಲ, ನಾಲ್ಕು ತಿಂಗಳ ಅನ್ನ. ಅದನ್ನು ಒಂದು ಖಾತೆಯಲ್ಲಿ ಕಣಜದಂತೆ ಇಟ್ಟು, ಅಲ್ಲಿಂದ ಇನ್ನೊಂದು ಖಾತೆಗೆ ಪ್ರತಿ ತಿಂಗಳ ಮೊದಲ ದಿನ ಗೊತ್ತಾದ ಮೊತ್ತವನ್ನು ಮಾತ್ರ ಹಾಕಿಕೊಳ್ಳಲಿ. ತಮ್ಮ ಪಗಾರವನ್ನು ತಾವೇ ಬಟವಾಡೆ ಮಾಡಿಕೊಂಡಂತಾಯಿತು. ಮೂರು ತಿಂಗಳ ಖರ್ಚು ಕಣಜದಲ್ಲಿ ನಿಲ್ಲುವವರೆಗೆ ಹೊಸ ಮೊಬೈಲು, ಕಂತಿನ ಬೈಕು ಯಾವುದೂ ಬೇಡ.

ತಿಂಗಳ ಕಂತು ಕಟ್ಟಲೇಬೇಕಾದ ಚೀಟಿ, ತಪ್ಪಿದರೆ ದಂಡ ಹಾಕುವ ಆರ್.ಡಿ. ಇಂಥವರಿಗೆ ಒಗ್ಗುವುದಿಲ್ಲ. ಸಾರ್ವಜನಿಕ ಭವಿಷ್ಯನಿಧಿಗೆ ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದರೆ ಸಾಕು. ಉಳಿದುದನ್ನು ಹಣ ಬಂದಾಗ ಕಟ್ಟಬಹುದು. ಆದರೆ ಅದು ಹದಿನೈದು ವರ್ಷದ ಗಂಟು, ಕಷ್ಟಕಾಲದ ಹಣ ಅದರಲ್ಲಿರಬಾರದು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಬಿದ್ದರೆ ವರ್ಷಕ್ಕೆ ನೂರಕ್ಕೆ 42 ಆಯಿತು. ಯಾವ ಹಳೆಯ ಸಾಹುಕಾರನಿಗೂ ಇದು ಕಡಮೆಯಲ್ಲ.

ಇನ್ನೊಂದು ಮಾತು. ವೇತನ ಐದು ವರ್ಷಕ್ಕೆ ನಿಲ್ಲುತ್ತದೆ, ಪ್ರಬಂಧ ಅಷ್ಟರಲ್ಲಿ ಮುಗಿಯಬೇಕೆಂದಿಲ್ಲ. ತಿಂಗಳಿಗೆ 5,000ದಂತೆ ಅರವತ್ತು ತಿಂಗಳು ತೆಗೆದಿಟ್ಟರೆ ಮೂರು ಲಕ್ಷ. ಆರನೆಯ ವರ್ಷ ತಿಂಗಳಿಗೆ 25,000ದಂತೆ ಅದೇ ಅನ್ನವಾಗುತ್ತದೆ.

ಆದರೆ ಈ ಬುದ್ಧಿವಾದವೆಲ್ಲ ಕಣಜದಲ್ಲಿ ಕಾಳು ಇರುವವರಿಗೆ. ಮೊದಲ ಹಣವೇ ಆರು ತಿಂಗಳು ಬಾರದಿದ್ದರೆ, ಅಥವಾ ಬರುವುದೇ 8,000 ಆದರೆ, ಉಳಿತಾಯದ ಉಪದೇಶ ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಆ ಭಾರವನ್ನು ಈಗ ಹೊರುತ್ತಿರುವವರು ತಂದೆತಾಯಿಗಳು. ತಂದೆ ಹೋಟೆಲಿನವನಾದರೆ ಕೈಗಡ ಕೇಳಬೇಕು, ತಂದೆಯಿಲ್ಲದವರು ಓದು ಬಿಡಬೇಕು. ಉಳ್ಳವರ ಮಕ್ಕಳು ಮಾತ್ರ ಕಾಯಬಲ್ಲರು. ಸಂಶೋಧನೆಯ ಬಾಗಿಲು ಬಡವರಿಗೆ ಮುಚ್ಚುವುದು ಹೀಗೆ, ಸದ್ದಿಲ್ಲದೆ.

ಇಲ್ಲಿ ನಮ್ಮ ಕರ್ತವ್ಯವೊಂದುಂಟು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಬಿತ್ತನೆಗೂ ಸುಗ್ಗಿಗೂ ನಡುವಿನ ತಿಂಗಳುಗಳಲ್ಲಿ ರೈತನನ್ನು ಸಾಹುಕಾರನ ಬಾಗಿಲಿನಿಂದ ತಪ್ಪಿಸುವುದು ಅಂಥ ಸಂಘಗಳ ಕೆಲಸ. ಹೊರನಾಡಿನ ನಮ್ಮ ಪತ್ತಿನ ಸಂಘಗಳು ಅದೇ ಕೆಲಸವನ್ನು ಸದಸ್ಯರ ಮಕ್ಕಳಿಗೆ ಏಕೆ ಮಾಡಬಾರದು? ಮಂಜೂರಾದ ವೇತನದ ಆದೇಶಪತ್ರವನ್ನು ನೋಡಿ, ತಂದೆ ಅಥವಾ ತಾಯಿಯ ಜಾಮೀನಿನ ಮೇಲೆ, ಮೂರು ತಿಂಗಳ ಊಟ ಬಾಡಿಗೆಗಳಷ್ಟು ಸಾಲವನ್ನು ಕಡಮೆ ಬಡ್ಡಿಗೆ ಕೊಡಲಿ. ಬಾಕಿ ಬಂದ ದಿನ ತೀರಲಿ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಬೇಕೆಂದು ನನ್ನ ವಿನಂತಿ.

ಸರಕಾರವನ್ನು ಕೇಳತಕ್ಕ ಮಾತು ಒಂದೇ: ಕೆಲಸಗಾರನಿಗಿರುವ ಗಡುವು ಸಂಶೋಧಕನಿಗೂ ಇರಲಿ. ಅದನ್ನು ವಿದ್ಯಾರ್ಥಿವೇತನವೆನ್ನಲಿ, ಸಂಬಳವೆನ್ನಲಿ, ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ. ಹಗಲಿರುಳು ಪ್ರಯೋಗಶಾಲೆಯಲ್ಲೋ ಗ್ರಂಥಾಲಯದಲ್ಲೋ ದುಡಿಯುವವರು ನಮ್ಮ ಬಳಗದವರೇ.

ಅಂದು ನಕ್ಕವರು ಈಗ ಆ ಹಿರಿಯರ ಕೈಗಡಕ್ಕೆ ಜಾಮೀನು ನಿಂತಿದ್ದಾರೆ. ಸಂಘವೂ ನಿಲ್ಲಲಿ.